ಅರ್ಜಿಗೆ ಮೊದಲು ಆರೈಕೆ

ಪ್ರತಿ ವರ್ಷವೂ ಪಿ.ಯು.ಸಿ. ಪರೀಕ್ಷೆಯ ಫಲ ಹೊರಬಿದ್ದೊಡನೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ತಂದೆತಾಯಿಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬರುತ್ತಾರೆ. ಹೆಚ್ಚಿನವರು ಯಲಬುರ್ಗಾ ತಾಲೂಕಿನ ಹಳ್ಳಿಗಳವರು. ಎರೆಹೊಲದ ಜೋಳ ಕಡಲೆಗಳ ಮೇಲೆ ಜೀವಿಸುವ ಮನೆಗಳವರು. ಡಾಕ್ಟರಳಾಗಬೇಕೆಂಬ ಆಶೆಯಿಂದ ಮಗಳು ಓದಿರುತ್ತಾಳೆ. ಅಂಕ ಸಾಲದೆಯೋ ಹಣ ಸಾಲದೆಯೋ ಆ ಬಾಗಿಲು ಮುಚ್ಚಿರುತ್ತದೆ. ಈಗ ಅವರ ಕೈಯಲ್ಲಿ ಬೇರೊಂದು ವಿವರಪತ್ರ. ಅದರಲ್ಲಿ ಫಿಜಿಷಿಯನ್ ಅಸಿಸ್ಟೆಂಟ್, ಅಂದರೆ ವೈದ್ಯ ಸಹಾಯಕಿ ಎಂಬ ಪದವಿಯ ವರ್ಣನೆ. “ಇದಕ್ಕೆ ಅರ್ಜಿ ಹಾಕಬಹುದೇನ್ರಿ?” ಎಂದು ತಂದೆ ಕೇಳುತ್ತಾನೆ. ನಾವು ಮಗಳ ಕಡೆಗೆ ತಿರುಗಿ, “ಏನವ್ವಾ, ನೀನು ರೋಗಿಯ ಹತ್ತಿರ ಒಂದು ರಾತ್ರಿಯಾದರೂ ಎಚ್ಚರವಿದ್ದು ಕೂತದ್ದುಂಟೇನು?” ಎಂದು ಕೇಳುತ್ತೇವೆ. ಈ ಪ್ರಶ್ನೆ ಅನೇಕರಿಗೆ ವಿಚಿತ್ರವಾಗಿ ತೋರುವದು. ಅಂಕಪಟ್ಟಿಯನ್ನು ಕೇಳದೆ ರಾತ್ರಿಯ ಮಾತು ಯಾತಕ್ಕೆ? ಇದಕ್ಕೆ ಉತ್ತರವನ್ನು ಈ ಸಂಚಿಕೆಯ ವಾಚಕರ ಮುಂದೆ ಇಡಬೇಕೆಂದು ನಮ್ಮ ಇಚ್ಛೆ.

ಮೊದಲು ಆ ಉದ್ಯೋಗದ ಸ್ವರೂಪವನ್ನು ತಿಳಿಯತಕ್ಕದ್ದು. ವೈದ್ಯ ಸಹಾಯಕಿಯು ಡಾಕ್ಟರಳೂ ಅಲ್ಲ, ದಾದಿಯೂ ಅಲ್ಲ. ಡಾಕ್ಟರರ ಮೇಲ್ವಿಚಾರಣೆಯಲ್ಲಿ ರೋಗಿಯ ವೃತ್ತಾಂತವನ್ನು ಕೇಳಿ ಬರೆದುಕೊಳ್ಳುವದು, ದೇಹಪರೀಕ್ಷೆ ಮಾಡುವದು, ರಕ್ತ ಮೊದಲಾದ ಪರೀಕ್ಷೆಗಳ ಫಲಗಳನ್ನು ಒಟ್ಟುಗೂಡಿಸುವದು, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನೆರವಾಗುವದು, ವಾರ್ಡಿನಲ್ಲಿ ರೋಗಿಯ ಸ್ಥಿತಿಯನ್ನು ನೋಡುತ್ತಿದ್ದು ಡಾಕ್ಟರರಿಗೆ ತಿಳಿಸುವದು, ಇವು ಅವಳ ಕೆಲಸಗಳು. ನಮ್ಮ ದೇಶದಲ್ಲಿ ಅವಳು ಸ್ವತಂತ್ರವಾಗಿ ದವಾಖಾನೆ ತೆರೆದು ಚಿಕಿತ್ಸೆ ನಡಿಸುವಂತಿಲ್ಲ. ಇದನ್ನು ಪಾಲಕರು ಮೊದಲೇ ಅರಿತಿರಬೇಕು. ಈ ವಿದ್ಯೆಯು ಭಾರತದಲ್ಲಿ 1992ರಲ್ಲಿ ಮದ್ರಾಸ್ ಮೆಡಿಕಲ್ ಮಿಷನ್ನಿನಲ್ಲಿ, ಹೃದಯದ ಶಸ್ತ್ರವೈದ್ಯರಾದ ಡಾಕ್ಟರ್ ಕೆ. ಎಂ. ಚೆರಿಯನ್ನರ ಪ್ರಯತ್ನದಿಂದ ಆರಂಭವಾಯಿತು. ನಮ್ಮ ರಾಜ್ಯದೊಳಗೆ ಮಣಿಪಾಲದಲ್ಲಿ ಇದನ್ನು ಕಲಿಸುತ್ತಾರೆ. ಆಸ್ಪತ್ರೆಯಲ್ಲಿ ಕಳೆಯಬೇಕಾದ ಕೊನೆಯ ವರ್ಷವನ್ನು ಕೂಡಿಸಿ ಸಾಮಾನ್ಯವಾಗಿ 4 ವರ್ಷಗಳ ಅಭ್ಯಾಸ. 2021ರಲ್ಲಿ ಪಾರ್ಲಿಮೆಂಟು ಆರೋಗ್ಯದ ಸಹವೃತ್ತಿಗಳಿಗಾಗಿ ಮಾಡಿದ ಕಾಯಿದೆಯಲ್ಲಿ ಈ ವೃತ್ತಿಯ ಹೆಸರೂ ಸೇರಿದೆ. ಆದಕಾರಣ ಇದು ಹುಸಿ ಪದವಿಯಲ್ಲ.

ಈ ವೃತ್ತಿಯು ಹುಟ್ಟಿದ ಬಗೆಯನ್ನು ನೋಡಿದರೆ ನಮ್ಮ ಪ್ರಶ್ನೆಯ ಅರ್ಥವು ಸ್ಪಷ್ಟವಾಗುವದು. ಅಮೇರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಯೂಜೀನ್ ಸ್ಟೆಡ್ ಎಂಬವರು 1965ರಲ್ಲಿ ಇದರ ಮೊದಲನೆಯ ತರಗತಿಯನ್ನು ತೆರೆದರು. ಅದಕ್ಕೆ ಅವರು ಆರಿಸಿಕೊಂಡ 4 ಜನರು ನೌಕಾದಳದಲ್ಲಿ ರೋಗಿಗಳನ್ನೂ ಗಾಯಾಳುಗಳನ್ನೂ ಆರೈಕೆಮಾಡಿ ಬಂದವರು. ಅವರ ಕೈಗಳಲ್ಲಿ ಅನುಭವವು ಆಗಲೇ ಇತ್ತು. ವಿದ್ಯಾಲಯವು ಅದಕ್ಕೆ ಶಾಸ್ತ್ರವನ್ನು ಕೂಡಿಸಿತು. ಅಲ್ಲಿಯ ಅನೇಕ ವಿದ್ಯಾಲಯಗಳು ಇಂದಿಗೂ ಅರ್ಜಿಯ ಸಂಗಡ, ರೋಗಿಗಳ ಆರೈಕೆಯಲ್ಲಿ ಎಷ್ಟು ಗಂಟೆ ಕಳೆದಿ ಎಂದು ಕೇಳುತ್ತವೆ. ಕೆಲವು ನೂರಾರು ಗಂಟೆಗಳನ್ನು, ಕೆಲವು ಸಾವಿರಕ್ಕೆ ಮೇಲ್ಪಟ್ಟು ಬಯಸುತ್ತವೆ. ಅಲ್ಲಿ ನೆಲೆಸಿದ ಕನ್ನಡ ಮನೆತನಗಳ ಹೆಣ್ಣುಮಕ್ಕಳೂ ಈ ಓದಿಗೆ ಹೋಗಬೇಕಾದರೆ ಮೊದಲು ವೃದ್ಧರ ಆರೈಕೆಯ ಮನೆಯಲ್ಲಿಯೋ ಆಂಬುಲೆನ್ಸಿನಲ್ಲಿಯೋ ದುಡಿದು ಲೆಕ್ಕ ತೋರಿಸಬೇಕಾಗುತ್ತದೆ.

ನಮ್ಮಲ್ಲಿ ಹಾಗಿಲ್ಲ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಬೇಕಾದ ಅಂಕ ಪಡೆದವಳಿಗೆ ಬಾಗಿಲು ತೆರೆಯುತ್ತದೆ. ಹದಿನೆಂಟು ವರ್ಷದ ಹುಡುಗಿ, ಊರ ದವಾಖಾನೆಯ ಹೊರಗಿನ ಬೆಂಚನ್ನು ಬಿಟ್ಟು ಒಳಗಿನದೇನನ್ನೂ ನೋಡದವಳು, ಒಂದು ದಿನ ದೊಡ್ಡ ಪಟ್ಟಣದ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಿಲ್ಲುತ್ತಾಳೆ. ಕೇಳುವವರಿಲ್ಲವೆಂಬ ಕಾರಣದಿಂದ ಅನುಭವವು ಬೇಡವೆಂದಾಗುವದಿಲ್ಲ. ಅವರು ಕೇಳದಿದ್ದರೆ ನಾವೇ ನಮ್ಮನ್ನು ಕೇಳಿಕೊಳ್ಳತಕ್ಕದ್ದು. ನಮ್ಮ ವಾದವೆಲ್ಲಾ ಇಷ್ಟೇ.

ನಾವು ಕಣ್ಣಾರೆ ಕಂಡ ಇಬ್ಬರ ಸಂಗತಿಯನ್ನು ಹೆಸರು ಹೇಳದೆ ತಿಳಿಸುತ್ತೇವೆ. ಒಬ್ಬಳು ತರಗತಿಯಲ್ಲಿ ಮೊದಲಿಗಳು. ತಂದೆ ಎರಡೆಕರೆ ಹೊಲವನ್ನು ಒತ್ತೆಯಿಟ್ಟು ದೂರದ ಪಟ್ಟಣದಲ್ಲಿ ಅವಳನ್ನು ಇಂಥದೇ ಓದಿಗೆ ಸೇರಿಸಿದನು. ಪುಸ್ತಕದ ಪಾಠದಲ್ಲಿ ಅವಳಿಗೆ ಏನೂ ಕಷ್ಟವಾಗಲಿಲ್ಲ. ಆದರೆ ವಾರ್ಡಿಗೆ ಹೋದ ದಿನದಿಂದ ಕೀವಿನ ವಾಸನೆ, ನರಳುವ ಧ್ವನಿ, ಸತ್ತವರ ಮನೆಯವರ ಗೋಳು ಇವು ಅವಳನ್ನು ಊಟಮಾಡಗೊಡಲಿಲ್ಲ. ವರ್ಷ ತುಂಬುವದರೊಳಗೆ ತಿರುಗಿ ಬಂದಳು. ಹುಡುಗಿಯಲ್ಲಿ ತಪ್ಪಿರಲಿಲ್ಲ, ಆ ಕೆಲಸವು ತನ್ನದಲ್ಲವೆಂಬದನ್ನು ಹತ್ತು ದಿನಗಳಲ್ಲಿ, ಖರ್ಚಿಲ್ಲದೆ, ತಿಳಿಯಬಹುದಾಗಿತ್ತು. ಅದನ್ನು ತಿಳಿಸಿಕೊಡುವ ವ್ಯವಸ್ಥೆ ನಮ್ಮಲ್ಲಿರಲಿಲ್ಲ. ಇನ್ನೊಬ್ಬಳು ಮಧ್ಯಮ ಅಂಕದವಳು. ಪಾರ್ಶ್ವವಾಯು ಬಡಿದ ಅಜ್ಜಿಯನ್ನು ಎರಡು ವರ್ಷ ನೋಡಿಕೊಂಡವಳು. ಮೈ ಒರಸಿ, ಮಗ್ಗಲು ತಿರುಗಿಸಿ, ಬೆನ್ನಿಗೆ ಹುಣ್ಣಾಗದಂತೆ ಕಾದವಳು. ಆಸ್ಪತ್ರೆಯ ಮೊದಲ ದಿನ ಅವಳಿಗೆ ಹೊಸದಾಗಿ ಕಂಡದ್ದು ಯಂತ್ರಗಳು ಮಾತ್ರ, ರೋಗಿಯು ಹೊಸಬನಾಗಿರಲಿಲ್ಲ. ಇಂದು ಅವಳು ಶಾಂತಳಾಗಿ ತನ್ನ ಕೆಲಸವನ್ನು ನಡಿಸುತ್ತಿದ್ದಾಳೆ.

ಲೋಕದಲ್ಲಿ ಹೆಸರಾದ ಸ್ತ್ರೀಯರ ಚರಿತ್ರೆಯೂ ಇದನ್ನೇ ಹೇಳುವದು. ಫ್ಲಾರೆನ್ಸ್ ನೈಟಿಂಗೇಲಳು 1854ರಲ್ಲಿ ಯುದ್ಧದ ಆಸ್ಪತ್ರೆಗೆ ಹೋಗುವದಕ್ಕೆ ಮುಂಚೆ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಸುಮಾರು ಮೂರು ತಿಂಗಳು ರೋಗಿಗಳ ನಡುವೆ ಇದ್ದು ಕೆಲಸ ಕಲಿತಳು. ಅದಕ್ಕೂ ಮೊದಲು ಆಸ್ಪತ್ರೆಯಲ್ಲಿ ಕಲಿಯಬೇಕೆಂಬ ಅವಳ ಆಶೆಗೆ ಮನೆಯವರೇ ಅಡ್ಡಬಂದಿದ್ದರು. ವೇಲೂರಿನ ಡಾಕ್ಟರ್ ಐಡಾ ಸ್ಕಡರಳು ಮೊದಲು ವೈದ್ಯಳಾಗಬೇಕೆಂದು ಮನಸ್ಸು ಮಾಡಿದವಳಲ್ಲ. ತಂದೆಯ ಮನೆಯಲ್ಲಿದ್ದಾಗ ಒಂದೇ ರಾತ್ರಿ ಮೂರು ಮನೆಗಳವರು ಹೆರಿಗೆಯ ಸಂಕಟದಲ್ಲಿದ್ದ ಹೆಂಡಂದಿರಿಗಾಗಿ ಅವಳನ್ನು ಕರೆಯಬಂದರು. ಗಂಡಸಾದ ಡಾಕ್ಟರನು ಅವರಿಗೆ ಬೇಡವಾಗಿದ್ದನು. ಅವಳಿಗೆ ವಿದ್ಯೆ ಇರಲಿಲ್ಲ. ಬೆಳಗಾಗುವದರೊಳಗೆ ಮೂವರೂ ತೀರಿಕೊಂಡರು. ಅದನ್ನು ಕಂಡ ಮೇಲೆ ಅವಳು ಓದಿ, 1900ರಲ್ಲಿ ಡಾಕ್ಟರಳಾಗಿ ತಿರುಗಿ ಬಂದು, 1918ರಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆಯನ್ನೇ ತೆರೆದಳು. ನೋಟವು ಮೊದಲು, ನಿಶ್ಚಯವು ಆಮೇಲೆ, ಓದು ಅದರ ತರುವಾಯ.

ಹಾಗಾದರೆ ಯಲಬುರ್ಗಾದ ಹುಡುಗಿಯು ಈ ನೋಟವನ್ನು ಎಲ್ಲಿ ಪಡೆಯಬೇಕು? ಗದಗ ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನವರು ಸ್ಥಾಪಿಸಿದ ದವಾಖಾನೆಗೆ ಈ ಸೀಮೆಯ ಹಿರಿಯರು ರೋಗಿಗಳನ್ನು ಬಂಡಿಯಲ್ಲಿ ಒಯ್ಯುತ್ತಿದ್ದ ಕಾಲವೊಂದಿತ್ತು. ಈಗ ಯಲಬುರ್ಗಾದಲ್ಲಿಯೇ ತಾಲೂಕು ಆಸ್ಪತ್ರೆ ಉಂಟು. ಹಳ್ಳಿಗಳಲ್ಲಿ ಆರೋಗ್ಯ ಕೇಂದ್ರಗಳುಂಟು. ಕೊಪ್ಪಳದಲ್ಲಿ 2015ರಿಂದ ಸರಕಾರದ ವೈದ್ಯಕೀಯ ಕಾಲೇಜು ಉಂಟು. ಪರೀಕ್ಷೆ ಮುಗಿದು ಫಲ ಬರುವವರೆಗಿನ ಬೇಸಗೆಯ ದಿನಗಳು ವ್ಯರ್ಥವಾಗಿ ಕಳೆಯುತ್ತವೆ. ಆ ದಿನಗಳಲ್ಲಿ ವೈದ್ಯಾಧಿಕಾರಿಗಳ ಅಪ್ಪಣೆ ಪಡೆದು, ಹೊರರೋಗಿಗಳ ಸಾಲಿನಲ್ಲಿ ಮುದುಕರಿಗೆ ದಾರಿ ತೋರಿಸುವದು, ಓದುಬಾರದವರಿಗೆ ಚೀಟಿ ಓದಿ ಹೇಳುವದು, ಲಸಿಕೆಯ ದಿನ ದಾದಿಯ ಪಕ್ಕದಲ್ಲಿ ಕುಳಿತು ಕೂಸುಗಳ ತೂಕವನ್ನು ಬರೆಯುವದು, ಆಶಾ ಕಾರ್ಯಕರ್ತೆಯ ಸಂಗಡ ಬಾಣಂತಿಯರ ಮನೆಗಳಿಗೆ ಹೋಗಿಬರುವದು, ಇವೆಲ್ಲಾ ಸಾಧ್ಯ. ರೆಡ್ ಕ್ರಾಸಿನವರೂ ಸೇಂಟ್ ಜಾನ್ ಆಂಬುಲೆನ್ಸಿನವರೂ ಕಲಿಸುವ ಪ್ರಥಮ ಚಿಕಿತ್ಸೆಯನ್ನು ಕಲಿತರೆ ಇನ್ನೂ ಒಳ್ಳೇದು.

ಇದಕ್ಕಿಂತಲೂ ಮುಖ್ಯವಾದ ಒಂದು ಮಾತುಂಟು. ಬಡವರ ಮನೆಯ ಹುಡುಗಿಗೆ ಸಂಬಳವಿಲ್ಲದೆ ದುಡಿಯುವ ಬಿಡುವಿಲ್ಲ. ಬೇಸಗೆಯಲ್ಲಿ ಅವಳು ಕೂಲಿಗೆ ಹೋಗಬೇಕು. ಅನುಭವವನ್ನು ಕೇಳುವ ದೇಶಗಳಲ್ಲಿಯೂ ಇದೇ ದೂರು ಇದೆ. ಆದರೆ ಅವಳೇ ಮನೆಯಲ್ಲಿ ಸಕ್ಕರೆ ರೋಗದ ಅಜ್ಜನ ಕಾಲಿನ ಗಾಯವನ್ನು ತೊಳೆಯುತ್ತಿರಬಹುದು. ಕ್ಷಯರೋಗದ ಚಿಕ್ಕಪ್ಪನಿಗೆ ತಿಂಗಳುಗಟ್ಟಲೆ ಗುಳಿಗೆ ತಪ್ಪದಂತೆ ನುಂಗಿಸಿರಬಹುದು. ಇದನ್ನು ಮನೆಗೆಲಸವೆಂದು ಎಣಿಸಿ ನಾವು ಮರೆಯುತ್ತೇವೆ. ಇದೇ ಅನುಭವ. ದಿನಾಂಕ, ಗಂಟೆ, ಮಾಡಿದ ಕೆಲಸ, ಕಂಡ ಬದಲಾವಣೆ ಇಷ್ಟನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಅದು ಅವಳಿಗೆ ಶಿಕ್ಷಣವೂ ಆಗುವದು. ಯಾತಕ್ಕಂದರೆ ರೋಗಿಯನ್ನು ನೋಡಿ ಕಂಡದ್ದನ್ನು ತಪ್ಪಿಲ್ಲದೆ ಬರೆಯುವದೇ ವೈದ್ಯ ಸಹಾಯಕಿಯ ಮೊದಲನೆಯ ಕೆಲಸ.

ಇಲ್ಲಿ ಎಚ್ಚರಿಕೆಯ ಮಾತನ್ನು ಹೇಳದೆ ಇರಲಾರೆವು. ಅನುಭವದ ಹೆಸರಿನಿಂದ ಹುಡುಗಿಯರನ್ನು ದುಡಿಸಿಕೊಳ್ಳುವ ಸ್ಥಳಗಳೂ ಉಂಟು. ನಮ್ಮ ಪರಿಚಯದ ಒಬ್ಬಳಿಗೆ ಒಂದು ಖಾಸಗಿ ದವಾಖಾನೆಯಲ್ಲಿ ಮೂರನೆಯ ದಿನವೇ ಬಿಳಿ ಅಂಗಿ ತೊಡಿಸಿ ಕೈಗೆ ಸೂಜಿ ಕೊಟ್ಟರು. ರೋಗಿಗಳು ಅವಳನ್ನು “ಸಿಸ್ಟರ್” ಎಂದು ಕರೆದರು. ಅವಳು ಹೆದರಿ ಮನೆಗೆ ಬಂದು ಅತ್ತಳು. ಅವಳ ಹೆದರಿಕೆಯೇ ಸರಿ. ಕಲಿಯದವಳು ಸೂಜಿ ಚುಚ್ಚಬಾರದು, ಸಲಾಯಿನ್ ಹಚ್ಚಬಾರದು, ಔಷಧ ಹೇಳಬಾರದು. ಹೆಪಟೈಟಿಸ್ ಬಿ, ಧನುರ್ವಾಯು ಇವುಗಳ ಲಸಿಕೆ ಹಾಕಿಸಿಕೊಳ್ಳದೆ ವಾರ್ಡಿಗೆ ಹೋಗಬಾರದು. ರೋಗಿಯ ಗುಟ್ಟನ್ನು ತಾಯಿಯ ಮುಂದೆಯೂ ಆಡಬಾರದು. ಮೊಬೈಲಿನಲ್ಲಿ ರೋಗಿಯ ಚಿತ್ರ ತೆಗೆಯಬಾರದು. ಜವಾಬ್ದಾರಿಯುಳ್ಳ ಹಿರಿಯ ದಾದಿಯ ಕಣ್ಣಳತೆಯಲ್ಲಿ, ಹಗಲು ಹೊತ್ತಿನಲ್ಲಿ, ಊರಿಗೆ ಬಸ್ಸು ಇರುವಾಗಲೇ ತಿರುಗಿ ಬರುವಂತೆ ಏರ್ಪಾಡಿರಬೇಕು.

“ಕಂಡವರ ಮಲಮೂತ್ರ ಮುಟ್ಟುವದಕ್ಕೆ ಮಗಳನ್ನು ಓದಿಸಿದೆವೇ?” ಎಂದು ಕೆಲವು ಪಾಲಕರು ಕೇಳುತ್ತಾರೆ. ಪ್ರಿಯ ಪಾಲಕರೇ, ಸಿಟ್ಟಾಗಬೇಡಿರಿ. ನೀವು ಅರ್ಜಿ ಹಾಕಬೇಕೆಂದಿರುವ ಪದವಿಯು ಅದರಿಂದಲೇ ಆರಂಭವಾಗುವದು. ಜಾತಿ ನೋಡಿ ಮುಟ್ಟುವ ಕೈಗೆ ಆ ಪದವಿಯು ಸಲ್ಲದು. ಮಗಳು ಹಿಂಜರಿದರೆ ಅದನ್ನು ಈಗಲೇ ತಿಳಿದು ಬೇರೆ ವಿದ್ಯೆಗೆ ಕಳುಹಿಸಿರಿ. ಅವಳು ಹಿಂಜರಿಯದಿದ್ದರೆ ನೀವು ಹಿಂಜರಿಯಬೇಡಿರಿ. “ಓದಿಗೆ ಅಡ್ಡಿಯಾಗುವದಲ್ಲಾ” ಎಂಬವರಿಗೆ ನಮ್ಮ ಉತ್ತರವಿದು: ನಾವು ಕೇಳುವದು ಪರೀಕ್ಷೆಯ ತರುವಾಯದ ಹತ್ತೇ ದಿನಗಳನ್ನು, ನಾಲ್ಕು ವರ್ಷದ ದಾರಿ ಹಿಡಿಯುವವಳಿಗೆ ಇದು ಹೆಚ್ಚಲ್ಲ.

ಕೊನೆಗೆ ನಮ್ಮ ವಿಜ್ಞಾಪನೆ. ಈ ಶಾಲೆಯಲ್ಲಿ ಕಲಿತು ಇಂದು ದಾದಿಯರಾಗಿ, ಡಾಕ್ಟರರಾಗಿ, ಪ್ರಯೋಗಶಾಲೆಗಳಲ್ಲಿ ಕೆಲಸದವರಾಗಿ ಇರುವ ಸಹೋದರಿಯರೇ, ನಿಮ್ಮ ಮೇಲಧಿಕಾರಿಗಳ ಒಪ್ಪಿಗೆ ಪಡೆದು ವರ್ಷಕ್ಕೊಬ್ಬಳು ಹುಡುಗಿಯನ್ನು ಹತ್ತು ದಿನ ನಿಮ್ಮ ಸಂಗಡ ಇಟ್ಟುಕೊಳ್ಳಿರಿ. ನಿಮ್ಮ ಕೆಲಸದ ದಣಿವನ್ನೂ ಅವಳಿಗೆ ಮರೆಮಾಡಬೇಡಿರಿ. ಶಾಲೆಯು ಪರಿಚಯದ ಪತ್ರವನ್ನು ಕೊಡಲಿ. ಒಂದು ವಹಿಯನ್ನಿಟ್ಟು, ಆಸ್ಪತ್ರೆಯಲ್ಲಿ ಕಳೆದ ಗಂಟೆಗಳನ್ನೂ ಮನೆಯಲ್ಲಿ ಅಜ್ಜಿಯ ಹಾಸಿಗೆಯ ಬಳಿ ಕಳೆದ ಗಂಟೆಗಳನ್ನೂ ಒಂದೇ ಸಾಲಿನಲ್ಲಿ ಬರೆಯಿಸಲಿ. ಇಂದಿನ ವಿದ್ಯಾಲಯಗಳು ಆ ವಹಿಯನ್ನು ಕೇಳದಿರಬಹುದು. ಆದರೆ ಮುಂದಿನ ವರ್ಷ ಒಬ್ಬ ತಂದೆಯು ಹೊಲದ ಕಾಗದವನ್ನು ಕೈಯಲ್ಲಿ ಹಿಡಿದು “ಅರ್ಜಿ ಹಾಕಬಹುದೇನ್ರಿ?” ಎಂದು ಬಂದಾಗ, ಉತ್ತರವನ್ನು ಅವನ ಮಗಳೇ, ತಿಳಿದು, ಹೇಳುವಂತಾಗುವದು.