ಸೂತಕವಿಲ್ಲದ ಧರ್ಮದಲ್ಲಿ ಗರ್ಭಕೋಶದ ಗತಿ

ಆನಗೋಡಿನಲ್ಲಿ ಶಿವಾನುಭವ ಗೋಷ್ಠಿಯೊಂದು ಮುಗಿದು ಪ್ರಸಾದದ ಪಂಕ್ತಿ ಎದ್ದ ಮೇಲೆ ಸುಮಾರು ಮೂವತ್ತೆರಡು ವರ್ಷದ ತಾಯಿಯೊಬ್ಬಳು ಬಂದು ಕಂಬದ ಮರೆಯಲ್ಲಿ ನಿಂತಳು. ಏನಮ್ಮಾ ಎಂದು ಕೇಳಿದೆವು. “ಬುದ್ಧೀ, ಇನ್ನು ಮೇಲೆ ನಾನು ತಿಂಗಳ ಮೂವತ್ತು ದಿನವೂ ಲಿಂಗಪೂಜೆ ಮಾಡಿಕೊಳ್ಳಬಹುದಲ್ಲವೆ? ಚೀಲ ತೆಗೆಸಿಬಿಟ್ಟೆ” ಎಂದಳು. ಅವಳ ಮುಖದಲ್ಲಿ ದುಃಖವಿರಲಿಲ್ಲ, ಬಿಡುಗಡೆಯ ಸಮಾಧಾನವಿತ್ತು. ನಮಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ವಿಚಾರಿಸಿದಾಗ ತಿಳಿದದ್ದಿಷ್ಟು. ಹದಿನೇಳಕ್ಕೆ ಮದುವೆ, ಇಪ್ಪತ್ಮೂರಕ್ಕೆ ಎರಡು ಮಕ್ಕಳು ಮತ್ತು ಸಂತಾನಹರಣ ಚಿಕಿತ್ಸೆ. ಆ ಮೇಲೆ ಬಿಳಿಸೆರಗು, ಅತಿಸ್ರಾವ, ಸೊಂಟನೋವು. ಎರಡು ವರ್ಷ ಯಾರಿಗೂ ಹೇಳಲಿಲ್ಲ. ಹೇಳಿದ ದಿನವೇ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ಒಂದು ಸ್ಕ್ಯಾನಿಂಗ್, “ಹೀಗೇ ಬಿಟ್ಟರೆ ಕ್ಯಾನ್ಸರ್ ಆದೀತು” ಎಂಬ ಒಂದು ಮಾತು, ಮರುವಾರ ಶಸ್ತ್ರಚಿಕಿತ್ಸೆ. ಮಾತ್ರೆ ಕೊಟ್ಟು ನೋಡಿದರೆ ಎಂದರೆ, ಇಲ್ಲ. ಇನ್ನೊಬ್ಬ ವೈದ್ಯರನ್ನು ಕೇಳಿದಿರಾ ಎಂದರೆ, ಇಲ್ಲ.

ಇಂಥ ವಿಷಯ ಮಠದ ಪತ್ರಿಕೆಯಲ್ಲಿ ಬರಬಾರದು, ಸ್ವಾಮಿಗಳಾದವರು ಹೆಂಗಸರ ಕಾಯಿಲೆಯ ಮಾತೆತ್ತುವುದು ಶೋಭೆಯಲ್ಲ ಎಂದು ಹಿರಿಯ ಭಕ್ತರೊಬ್ಬರು ನಮಗೆ ಬುದ್ಧಿ ಹೇಳಿದ್ದಾರೆ. ಅವರ ವಯಸ್ಸಿಗೆ ನಮ್ಮ ಗೌರವವಿದೆ, ಮಾತಿಗೆ ಇಲ್ಲ. ಗರ್ಭವತಿಗೆ ಎಂಟನೆಯ ತಿಂಗಳಾದಾಗ ಒಡಲೊಳಗಿನ ಶಿಶುವಿಗೆ ಲಿಂಗಸಂಸ್ಕಾರ ಮಾಡುವ ಧರ್ಮ ನಮ್ಮದು. ಅಂದರೆ ಗುರುವು ಮನುಷ್ಯನನ್ನು ಮೊದಲು ಸಂಧಿಸುವುದು ತಾಯಿಯ ಗರ್ಭದಲ್ಲಿ. ಆ ಗರ್ಭದ ಮುಂದೆ ವಿಭೂತಿ ಹಿಡಿದು ನಿಲ್ಲಲು ನಾಚದ ನಾವು, ಅದೇ ಗರ್ಭಕ್ಕೆ ರೋಗ ಬಂದಾಗ ನಾಚಿ ಮುಖ ತಿರುಗಿಸುವುದು ಯಾವ ನ್ಯಾಯ?

ಪಂಚಸೂತಕಗಳನ್ನು ಶರಣರು ಕಿತ್ತೊಗೆದರೆಂದು ನಾವು ವೇದಿಕೆಯ ಮೇಲೆ ಎದೆ ತಟ್ಟಿ ಹೇಳುತ್ತೇವೆ. ಜನನಸೂತಕವಿಲ್ಲ, ರಜಸ್ಸೂತಕವಿಲ್ಲ, ಅಂಗದ ಮೇಲೆ ಲಿಂಗವಿರುವವರಿಗೆ ಅಶೌಚವೆಲ್ಲಿಯದು ಎಂದು ಕೇಳುತ್ತೇವೆ. ಮನೆಗೆ ಬಂದರೆ ಸೊಸೆ ಮೂರು ದಿನ ಮೂಲೆಯಲ್ಲಿ. ಜಾತ್ರೆ ಬಂತೆಂದರೆ ಮುಟ್ಟು ಮುಂದೂಡುವ ಮಾತ್ರೆಗೆ ಔಷಧದಂಗಡಿಗೆ ಓಟ, ಅದೂ ವೈದ್ಯರ ಚೀಟಿಯಿಲ್ಲದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಊರ ಹೊರಗಿನ ಗುಡಿಸಲಿನಲ್ಲಿಟ್ಟು, ಮಳೆ ಚಳಿಗೆ ಹಸುಗೂಸು ಸತ್ತ ಸುದ್ದಿ ಓದಿ ನಮ್ಮವರು ‘ಛೇ, ಎಂಥ ಅಜ್ಞಾನ’ ಎಂದರು. ಆ ಬಡ ಹಟ್ಟಿಯವರು ಗುಡಿಸಲನ್ನು ಊರ ಹೊರಗೆ ಕಟ್ಟಿದ್ದರು, ಕಾಣುತ್ತಿತ್ತು. ನಾವು ಅದನ್ನು ಮನೆಯೊಳಗೇ ಕಟ್ಟಿಕೊಂಡಿದ್ದೇವೆ, ಕಾಣುವುದಿಲ್ಲ. ಅವರಾದರೂ ತಮ್ಮ ದೇವರಿಗೆ ಸೂತಕವುಂಟು ಎನ್ನುತ್ತಾರೆ. ನಾವು ಇಲ್ಲವೆಂದು ಸಾರಿ ಆಚರಿಸುತ್ತೇವೆ.

ಈ ಎರಡು ನಾಲಗೆಯ ಫಲವೇ ಕಂಬದ ಮರೆಯಲ್ಲಿ ನಿಂತಿದ್ದ ಆ ತಾಯಿ. ಶಸ್ತ್ರಚಿಕಿತ್ಸೆಗೆ ವೈದ್ಯನ ಲೋಭವೊಂದೇ ಕಾರಣವೆಂದು ತಿಳಿದರೆ ಅರ್ಧ ಸತ್ಯವನ್ನು ಮಾತ್ರ ಹಿಡಿದಂತಾಯಿತು. ಮುಟ್ಟೆಂಬುದು ಮೈಲಿಗೆ, ಮಕ್ಕಳಾದ ಮೇಲೆ ಆ ಚೀಲ ದಂಡದ ಹೊರೆ ಎಂದು ನಾವೇ ಅವಳಿಗೆ ಇಪ್ಪತ್ತು ವರ್ಷ ಕಲಿಸಿರುತ್ತೇವೆ. ಕತ್ತಿಯನ್ನು ಮಸೆದುಕೊಟ್ಟವರು ನಾವು, ಹಿಡಿದವನು ಮಾತ್ರ ಅವನು. ಮಠಗಳನ್ನೂ ಈ ಮಾತಿನಿಂದ ಹೊರಗಿಡುವುದಿಲ್ಲ. ಎಷ್ಟು ಮಠಗಳಲ್ಲಿ ಮುಟ್ಟಾದ ಹೆಣ್ಣುಮಗಳು ಗದ್ದುಗೆಯ ಮುಂದೆ ಅಳುಕಿಲ್ಲದೆ ನಿಲ್ಲಬಲ್ಲಳು?

ಇನ್ನು ಲೋಭದ ಅರ್ಧ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ, ದಲಿತ ಕೇರಿಗಳಲ್ಲಿ ನೂರಾರು ಹೆಂಗಸರ ಗರ್ಭಕೋಶಗಳನ್ನು ಸಣ್ಣಪುಟ್ಟ ತೊಂದರೆಗಳಿಗೂ ತೆಗೆದುಹಾಕಿದ ಸಂಗತಿ 2015ರಲ್ಲಿ ಬಯಲಾಗಿ ವಿಚಾರಣೆ ನಡೆಯಿತು. ನ್ಯಾಯಕ್ಕಾಗಿ ಆ ಹೆಂಗಸರೇ ಬೀದಿಗಿಳಿಯಬೇಕಾಯಿತು. ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು, ಮುಟ್ಟಿನ ದಿನ ಕೂಲಿ ತಪ್ಪಿ ಮೇಸ್ತ್ರಿಗೆ ದಂಡ ಕಟ್ಟಬೇಕಾಗುತ್ತದೆಂಬ ಭಯಕ್ಕೂ ಗರ್ಭಕೋಶ ತೆಗೆಸಿಕೊಂಡದ್ದು 2019ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥದೇ ಪ್ರಕರಣಗಳನ್ನು ಹಿಡಿದು ವೈದ್ಯರೊಬ್ಬರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು ತೀರ್ಪಿತ್ತು, ಅನಾವಶ್ಯಕ ಗರ್ಭಕೋಶ ಛೇದನವನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು. ಜಿಲ್ಲೆಗೊಂದು ಮೇಲ್ವಿಚಾರಣಾ ಸಮಿತಿ ಇರಬೇಕೆಂಬುದೂ ಆ ಮಾರ್ಗಸೂಚಿಯಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಅದನ್ನು ಕೇಳಿದವರೆಷ್ಟು ಜನ? 1992ರ ಗೋಲಿಬಾರಿನಲ್ಲಿ ರೈತರನ್ನು ಕಳೆದುಕೊಂಡು ಇಂದಿಗೂ ಅವರ ಹೆಸರಿನಲ್ಲಿ ಸೇರುವ ಊರು ಆನಗೋಡು. ಕೇಳುವುದು ಈ ಊರಿಗೆ ಹೊಸದಲ್ಲ.

ಶಸ್ತ್ರಚಿಕಿತ್ಸೆಯೇ ತಪ್ಪೆಂದು ನಾವು ಹೇಳುತ್ತಿಲ್ಲ. ಕ್ಯಾನ್ಸರ್ ಖಚಿತವಾದಾಗ, ಗಡ್ಡೆ ಮಿತಿಮೀರಿ ಬೆಳೆದಾಗ, ಹೆರಿಗೆಯ ನಂತರದ ರಕ್ತಸ್ರಾವ ಯಾವುದಕ್ಕೂ ಬಗ್ಗದಾಗ ಅದು ಪ್ರಾಣದಾನವೇ. ಆದರೆ ಬಿಳಿಸೆರಗು ಬಹುಮಟ್ಟಿಗೆ ಸೋಂಕಿನಿಂದ ಬರುವಂಥದು, ಔಷಧಕ್ಕೆ ವಾಸಿಯಾಗುವಂಥದು. ಅತಿಸ್ರಾವಕ್ಕೆ ಮಾತ್ರೆಗಳುಂಟು, ಗರ್ಭಕೋಶದೊಳಗೆ ಇರಿಸುವ ಹಾರ್ಮೋನಿನ ಸಾಧನವುಂಟು. ಗರ್ಭಕೋಶದೊಡನೆ ಅಂಡಾಶಯಗಳನ್ನೂ ಎಳವೆಯಲ್ಲೇ ತೆಗೆದರೆ ಮುಪ್ಪು ಅಕಾಲದಲ್ಲಿ ಬರುತ್ತದೆ. ಮೂಳೆ ಸವೆಯುತ್ತದೆ, ಹೃದ್ರೋಗದ ಭಯ ಹೆಚ್ಚುತ್ತದೆ. ಕೂಲಿಯಿಂದ ಬದುಕುವ ಹೆಣ್ಣಿಗೆ ನಲವತ್ತಕ್ಕೇ ಸೊಂಟ ಬಿದ್ದರೆ ಅವಳ ಪಾಲಿನ ರೊಟ್ಟಿ ಯಾರು ಕೊಡುತ್ತಾರೆ?

ಹೆರಿಗೆಯ ಮಾತೂ ಇಷ್ಟೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 23.6ರಷ್ಟು ಸಿಸೇರಿಯನ್ ಆಗಿದ್ದುದು 2019-21ರ ವೇಳೆಗೆ ಶೇ. 31.5ಕ್ಕೆ ಏರಿತು. ಅದೇ ಸಮೀಕ್ಷೆಯಲ್ಲಿ ನಮ್ಮ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನರು. ಕೊಯ್ಯುವುದಕ್ಕೆ ಇರುವ ಉತ್ಸಾಹ ರಕ್ತ ತುಂಬುವುದಕ್ಕೆ ಇಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ನಿನ ಬಳಿಕ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಿರೆಗೆ ಹಾಕುವ ದ್ರವದ ಮೇಲೆ ಸಂಶಯ ಬಂದು ರಾಜ್ಯವೆಲ್ಲ ಗದ್ದಲವಾಯಿತು. ಆಗಬೇಕಾದದ್ದೇ. ಆದರೆ ಗದ್ದಲವಿಲ್ಲದೆ ನವೆಯುವವರ ಲೆಕ್ಕ ಇಡುವವರಾರು?

ದಾವಣಗೆರೆಯಲ್ಲಿ ವೈದ್ಯರಿಗೆ ಬರವಿಲ್ಲ. ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಿಂದ ಇದೆ, ಚಿಗಟೇರಿ ಆಸ್ಪತ್ರೆಯಿದೆ, ಹೆದ್ದಾರಿಯ ಮೇಲಿನ ಆನಗೋಡಿನಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ದೂರವಿರುವುದು ಆಸ್ಪತ್ರೆಯಲ್ಲ, ಅಡುಗೆಮನೆಯಿಂದ ಜಗಲಿಗೆ. ಸೊಸೆಯ ನೋವು ಅತ್ತೆಗೆ, ಅತ್ತೆಯಿಂದ ಮಗನಿಗೆ, ಮಗನಿಂದ ವೈದ್ಯನಿಗೆ ತಲುಪಲು ಎರಡು ವರ್ಷ ಹಿಡಿಯುತ್ತದೆ. ಎತ್ತಿಗೆ ಕಾಲು ನೋವಾದರೆ ಸಂಜೆಯೊಳಗೆ ಪಶುವೈದ್ಯರು ಬರುತ್ತಾರೆ. ಇದನ್ನು ಬರೆಯುವಾಗ ನಮಗೇ ನಾಚಿಕೆಯಾಗುತ್ತದೆ, ಆದರೆ ಸುಳ್ಳಲ್ಲ.

ಆ ತಾಯಿಗೆ ನಾವು ಹೇಳಿದ್ದು: “ಮಗಳೇ, ನೀನು ಮುಂಚೆಯೂ ಮೂವತ್ತು ದಿನ ಪೂಜೆ ಮಾಡಿಕೊಳ್ಳಬಹುದಿತ್ತು.” ಅವಳು ಬಹಳ ಹೊತ್ತು ಸುಮ್ಮನೆ ನಿಂತಿದ್ದು, “ಯಾರೂ ಹೇಳಲಿಲ್ಲ ಬುದ್ಧೀ” ಎಂದಳು.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಿದ್ದಾರೆ. ಅವರಲ್ಲಿ ಸ್ತ್ರೀರೋಗ ತಜ್ಞರಾದವರು ಆನಗೋಡಿನ ಮುಂದಿನ ಗೋಷ್ಠಿಗೆ ಬರಬೇಕು. ಅಂದು ಪ್ರವಚನವಿಲ್ಲ, ಪ್ರಶ್ನೋತ್ತರ ಮಾತ್ರ. ಹೆಂಗಸರು ಮುಂದಿನ ಸಾಲಿನಲ್ಲಿ ಕೂರಲಿ. ಗಂಡಸರು ಹಿಂದೆ ಕುಳಿತು ಕೊನೆಯವರೆಗೂ ಕೇಳಬೇಕು. ಮಧ್ಯದಲ್ಲಿ ಎದ್ದುಹೋಗುವವರಿಗೆ ಅಂದಿನ ಪ್ರಸಾದವಿಲ್ಲವೆಂದು ಅಡುಗೆಯವರಿಗೆ ಈಗಾಗಲೇ ಹೇಳಿದ್ದೇವೆ.