ತಾಟೆ, ಕಾಂಗರೂ ಮತ್ತು ಹೆಸರಿನ ಭಾಗ್ಯ

ಬಿ.ಎ. ತರಗತಿಯವನಿಗೆ ಪ್ರಾಣಿಗಳ ವರ್ಗೀಕರಣದ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ಹೆಸರಿಡುವುದು ವಿಜ್ಞಾನಿಗಳ ಕೆಲಸವಾದರೂ ಆ ಹೆಸರಿನಿಂದ ಉಳಿಯುವುದೂ ಅಳಿಯುವುದೂ ಪ್ರಾಣಿಯೇ ಅಲ್ಲವೆ?

ಮಲ್ಪೆಯ ಧಕ್ಕೆಯಲ್ಲಿ ತಾಟೆಯೂ, ಎಂದರೆ ಶಾರ್ಕೂ, ಬಂಗುಡೆಯೂ ಮೀನೇ. ಆದರೆ ತಾಟೆಯ ಮೈಯಲ್ಲಿ ಗಟ್ಟಿ ಎಲುಬೊಂದೂ ಇಲ್ಲ. ಇರುವುದು ನಮ್ಮ ಮೂಗಿನ ತುದಿಯಂತಹ ಮೃದ್ವಸ್ಥಿ. ವಂಶಾವಳಿ ನೋಡಿದರೆ ಎಲುಬುಳ್ಳ ಬಂಗುಡೆ ತಾಟೆಗಿಂತ ನಮಗೇ ಹತ್ತಿರದ ನೆಂಟ! ಇನ್ನೂ ಸೋಜಿಗವೆಂದರೆ, ನಮ್ಮ ಪಡುಗಡಲಿನ ಸ್ಕೋಲಿಯೋಡಾನ್ ಎಂಬ ಸಣ್ಣ ತಾಟೆ ಮರಿಗಳನ್ನು ಗರ್ಭದಲ್ಲಿ ಹೊಕ್ಕುಳಬಳ್ಳಿಯಂತಹ ಬಳ್ಳಿಯಿಂದಲೇ ಪೋಷಿಸಿ ಹೆರುತ್ತದೆ. ಸಸ್ತನಿಯೆನಿಸಿದ ಕೆಂಪು ಕಾಂಗರೂವಿನ ಮರಿಯಾದರೋ ಸುಮಾರು 33 ದಿನಗಳಲ್ಲೇ ಹೊರಬಿದ್ದು, ಉಳಿದ ಬೆಳವಣಿಗೆಯನ್ನು ತಾಯಿಯ ಹೊಟ್ಟೆಚೀಲದಲ್ಲಿ ಮುಗಿಸುತ್ತದೆ.

ಕಾರ್ಕಳದ ಮೂಡಲ ಘಟ್ಟದಲ್ಲಿ ಕುದುರೆಮುಖದ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹೆರಿಗೆಗೊಂದೇ ಮರಿ ಹಾಕುವ ಸಿಂಗಳೀಕಕ್ಕೆ ಅಲ್ಲಿ ನೆಲೆಯಿದೆ, ಸಂತೋಷವೇ. ತಾಟೆಗಳಲ್ಲಿಯೂ ಹಲವು ತಡವಾಗಿ ಪ್ರಾಯಕ್ಕೆ ಬಂದು ಕೆಲವೇ ಮರಿ ಹಾಕತಕ್ಕವು. ಆದರೆ ಮೀನೆಂಬ ಹೆಸರು ಹೊತ್ತ ತಪ್ಪಿಗೆ ಅವು ತೂಕದ ಲೆಕ್ಕಕ್ಕೆ ಸೇರಿದವು.

ಹೆಸರಿನಿಂದ ಕೆಟ್ಟ ಚೀಲದ ಪ್ರಾಣಿಯೂ ಉಂಟು. ಟಾಸ್ಮೇನಿಯಾದ ಥೈಲಸೀನನ್ನು ಜನ ಹುಲಿಯೆಂದರು, ತೋಳವೆಂದರು. ಕುರಿಗಳ್ಳನೆಂದು 1888ರಿಂದ 1909ರವರೆಗೆ ಸರಕಾರವೇ ತಲೆಗೊಂದು ಪೌಂಡು ಬಹುಮಾನ ಕೊಟ್ಟಿತು. ರಕ್ಷಣೆಯ ಆಜ್ಞೆ ಬಂದುದು 1936ರ ಜುಲೈ 10ರಂದು. ಕೊನೆಯದೆಂದು ತಿಳಿದ ಥೈಲಸೀನ್ ಹೋಬಾರ್ಟಿನ ಮೃಗಶಾಲೆಯಲ್ಲಿ ಸತ್ತುದು 59 ದಿನಗಳ ಮೇಲೆ.

ಗುಜರಾತಿನಲ್ಲಿ ನಡೆದುದು ಇದಕ್ಕೆ ವಿರುದ್ಧ. ಲೋಕದ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕು 2001ರಲ್ಲಿ ವನ್ಯಜೀವಿ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿತು. ಕಾಯಿದೆಗಿಂತ ಕೆಲಸ ಮಾಡಿದ್ದು ಮಾತು ಎಂದೇ ನನ್ನ ಅಭಿಪ್ರಾಯ. 2004ರಲ್ಲಿ ಆರಂಭವಾದ ಪ್ರಚಾರದಲ್ಲಿ ಮೊರಾರಿ ಬಾಪು ಅವರು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. ಅದಕ್ಕೆ ‘ವ್ಹಾಲಿ’, ಅಂದರೆ ಮುದ್ದಿನವಳು, ಎಂಬ ಹೆಸರೂ ಬಂದಿತು. ಬೇಟೆಯಾಡುತ್ತಿದ್ದ ಬೆಸ್ತರೇ ಬಲೆ ಕಡಿದು ಬಿಡತೊಡಗಿದರು. ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿತು.

ನಾನು ಕಾಪುವಿನ ಬಲೆಯ ಮನೆಯವನು. ನಮ್ಮಲ್ಲಿ ಬಾಣಂತಿಗೆ ಮರಿತಾಟೆಯ ಪದಾರ್ಥ ಮಾಡುವರು. ತಾಟೆ ತಿನ್ನಬೇಡಿರೆಂದು ನಾನು ಹೇಳೆನು. ಹೇಳಿದರೆ ಅಮ್ಮನೇ ನಕ್ಕಾಳು. ಆದರೆ ಬಸಿರ ತಾಟೆಯನ್ನು ಜೀವವಿರುವಾಗಲೇ ಕಡಲಿಗೆ ಬಿಟ್ಟವನಿಗೆ ಕಡಿದ ಬಲೆಯ ಬೆಲೆ ನಮ್ಮ ಕರಾವಳಿಯ ಧಕ್ಕೆಗಳಲ್ಲಿಯೂ ಕೈಗೆ ಸಿಕ್ಕಬೇಕು. ಬರಿಯ ಉಪದೇಶ ಸಾಲದು. ಅಪ್ಪನ ಬಲೆಯ ಸಾಲ ಇನ್ನೂ ತೀರಿಲ್ಲ; ಅದರ ಕಂತು ಕಟ್ಟಿ ಉಳಿದುದರಲ್ಲಿಯೇ ನನ್ನ ಈ ಮೂರು ವರ್ಷಗಳ ಫೀಸು ಸಂದಿದೆ.