ಹಿತ್ತಲ ಕಥೆ – 6: ಗುಲಾಬಿ ಯಾರ ಕೆಲಸ?

ಗುಲಾಬಿ ಅಂದ ತಕ್ಷಣ ನಮಗೆಲ್ಲ ಉದ್ದ ಕಾಂಡದ ದೊಡ್ಡ ಹೂವೇ ಬೇಕು. ಫೋಟೋಗೆ ಚೆಂದ, ಒಪ್ಪಿದೆ. ಆದ್ರೆ ಎಲೆ ಮೇಲೆ ಕಪ್ಪು ಚುಕ್ಕಿ ಬಿದ್ದಾಗ ಔಷಧಿ ಹೊಡೆಯೋದು ಯಾರು? ನಮ್ಮನೇಲಿ ಅಮ್ಮ. ಕಳೆದ ಮಳೆಗಾಲ ಅಮ್ಮ ಸೊಂಟ ಹಿಡ್ಕೊಂಡು ಗಿಡ ಉಳಿಸ್ತಿದ್ರು, ನಾನು ಅದೇ ಹೂವಿನ ಫೋಟೋ ಹಾಕಿ ಲೈಕ್ ಎಣಿಸ್ತಿದ್ದೆ. ನಾಚಿಕೆ ಆಯ್ತು.

ಅದಕ್ಕೇ ಹೇಳ್ತೀನಿ, ಮನೆ ತೋಟಕ್ಕೆ ನೆಲ ಹಬ್ಬುವ ಗುಲಾಬಿ ಒಳ್ಳೇದು. ಜರ್ಮನಿಯ ವರ್ನರ್ ನೋಆಕ್ ಬೆಳೆಸಿದ ‘ಫ್ಲವರ್ ಕಾರ್ಪೆಟ್’ ಇದರಲ್ಲಿ ಹೆಸರುವಾಸಿ. ಎರಡು-ಮೂರು ಅಡಿ ಎತ್ತರ, ಅದಕ್ಕಿಂತ ಹೆಚ್ಚು ಅಗಲ. ಕಪ್ಪು ಚುಕ್ಕಿಗೆ ಸುಲಭವಾಗಿ ಬಗ್ಗಲ್ಲ. ಬಾಡಿದ ಹೂವನ್ನ ಒಂದೊಂದಾಗಿ ಕೀಳೋ ಕೆಲಸವಿಲ್ಲ. ಗಿಡ ದಟ್ಟವಾದ ಮೇಲೆ ಕೆಳಗೆ ಬಿಸಿಲು ಬೀಳಲ್ಲ, ಕಳೆಯೂ ಕಮ್ಮಿ.

ಹಾಗಂತ ಆರೈಕೆಯೇ ಬೇಡ ಅಂತಲ್ಲ. ದಿನಕ್ಕೆ 6 ಗಂಟೆ ಬಿಸಿಲು ಬೀಳೋ ಜಾಗ, ಮೊದಲ ವರ್ಷ ಬುಡಕ್ಕೆ ತಪ್ಪದೆ ನೀರು, ವರ್ಷಕ್ಕೊಮ್ಮೆ ಕತ್ತರಿ. ಇಷ್ಟನ್ನ ನಾವೇ ಮಾಡ್ಬಹುದಲ್ವಾ?

ಗಿಡ ತರೋ ಮುಂಚೆ ಯಾವ ಬಣ್ಣ ಅಂತ ಆಮೇಲೆ ಕೇಳಿ, ನೋಡ್ಕೊಳ್ಳೋರು ಯಾರು ಅಂತ ಮೊದಲು ಕೇಳಿ.

ನಿಮ್ಮನೇಲಿ ಗಿಡಕ್ಕೆ ನೀರು ಹಾಕೋರು ಯಾರು? ಕಾಮೆಂಟಲ್ಲಿ ನಿಜ ಹೇಳಿ 🌹